ಮಾತಾಡುವ ದನಿಗೆ ಹಾಡನ್ನು ಇಳಿಸಿದೆವು

ಕಳೆದ ವರ್ಷ ಆಟಿ ತಿಂಗಳ (ತುಳುವರ ಆಷಾಢ) ಒಂದು ಸಂಜೆ ನಮ್ಮ ಬಾಯ್ ಬ್ಯಾಂಡಿನ ಐದೂ ಹುಡುಗರು ಒಟ್ಟಿಗೆ ಮಂಗಳೂರು ಜೆಪ್ಪುವಿನ ನನ್ನ ಮನೆಗೆ ಬಂದರು. ಹೊರಗೆ ಬಿಡದೆ ಮಳೆ. ರೈನ್‌ಕೋಟು ಬಿಚ್ಚಿ ಚಾವಡಿಯ ಮೂಲೆಗೆ ಹಾಕಿದರು, ಚಾ ಕುಡಿದರು, ಆದರೆ ಯಾರೂ ಬಾಯಿ ಬಿಡಲಿಲ್ಲ. ಕೊನೆಗೆ ಅವರಲ್ಲಿ ದೊಡ್ಡವನು ಹೇಳಿದ: “ಮಾಸ್ಟ್ರೇ, ನಮ್ಗೆ ಇನ್ನು ಆ ಹಾಡು ಹಾಡ್ಲಿಕ್ಕೆ ಆಗುದಿಲ್ಲ. ನಾಚಿಕೆ ಆಗ್ತದೆ.”

ಆ ಹಾಡು ಎಂದರೆ ಅವರ ಮೊದಲ ಹಾಡು. ಐದು ವರ್ಷದ ಹಿಂದೆ ನನ್ನ ಕೋಣೆಯಲ್ಲೇ ಮಾಡಿದ್ದು. ಆಗ ಅವರೆಲ್ಲ ಪಿಯುಸಿ. ಬೀಚು, ಬೈಕು, ಹುಡುಗಿ, ಮೂರೇ ವಿಷಯ. ನಿಮಿಷಕ್ಕೆ 126 ಬೀಟು, ನಾಸಿಕ್ ಬ್ಯಾಂಡಿನ ಡೋಲು, ಮೊದಲಿಂದ ಕೊನೆಯವರೆಗೆ ಐದೂ ಜನ ಒಟ್ಟಿಗೆ ಗಂಟಲು ಬಿಟ್ಟು ಹಾಡುವುದು. ಮದುವೆ ರಿಸೆಪ್ಶನ್ನಿನಲ್ಲಿ, ಕಾಲೇಜು ಫೆಸ್ಟಿನಲ್ಲಿ ಅದು ಚೆನ್ನಾಗಿ ಓಡಿತು. ನನಗೆ ಇವತ್ತಿಗೂ ಆ ಹಾಡಿನ ಮೇಲೆ ಪ್ರೀತಿ ಇದೆ. ಹದಿನೇಳರ ಹುಡುಗರಿಗೆ ಅದು ಸರಿಯಾದ ಹಾಡೇ ಆಗಿತ್ತು. ಈಗ ಅವರಿಗೆ 22, 23. ಒಬ್ಬ ಬ್ಯಾಂಕಿನಲ್ಲಿದ್ದ. ಒಬ್ಬ ಅಪ್ಪನ ಜೊತೆ ಬೆಳಗ್ಗೆ ಬೆಳಗ್ಗೆ ಮೀನಿನ ದಕ್ಕೆಗೆ, ಅಂದರೆ ದೋಣಿಯಿಂದ ಮೀನು ಇಳಿಸುವ ಕಡೆಗೆ, ಹೋಗುತ್ತಿದ್ದ. ಒಬ್ಬ ಸಿಎ ಓದುತ್ತಿದ್ದ. ಒಬ್ಬ ಬೆಂಗಳೂರಿಗೂ ಊರಿಗೂ ಓಡಾಡುತ್ತಿದ್ದ. ಇನ್ನೊಬ್ಬ ದುಬೈ ವೀಸಾಕ್ಕೆ ಕಾಯುತ್ತಿದ್ದ.

“ಸ್ವಲ್ಪ ಮೆಚ್ಯೂರ್ ಆಗಿರುವ ಹಾಡು ಮಾಡುವ” ಎಂದರು. ಹಾಗೆಂದರೆ ಏನು ಎಂದು ಕೇಳಿದೆ. ಐವರಲ್ಲಿ ಯಾರಿಗೂ ಹೇಳಲು ಬರಲಿಲ್ಲ. ನನಗೂ ಗೊತ್ತಿರಲಿಲ್ಲ.

ನಾನು 20 ವರ್ಷ ಇಗರ್ಜಿಯ (ಚರ್ಚಿನ) ಹಾಡುವ ತಂಡ ಕೊಯರ್‌ನಲ್ಲಿ ಕೀಬೋರ್ಡ್ ನುಡಿಸಿದವನು. ರಸಮಂಜರಿ ತಂಡಗಳ ಜೊತೆಗೂ ಊರೂರು ತಿರುಗಿದ್ದೇನೆ. ಮನೆಯ ಹಿಂದಿನ ಕೋಣೆಯನ್ನು ಸಣ್ಣ ಸ್ಟುಡಿಯೋ ಮಾಡಿಕೊಂಡಿದ್ದೇನೆ. ಬ್ಯಾಂಡ್ ಎಂದರೆ ನಮ್ಮಲ್ಲಿ ಡ್ರಮ್ಸ್, ಗಿಟಾರು, ಬ್ರಾಸ್ ನೆನಪಾಗುತ್ತದೆ. ಬಾಯ್ ಬ್ಯಾಂಡ್ ಹಾಗಲ್ಲ. ಹೆಚ್ಚಾಗಿ ಯಾರ ಕೈಯಲ್ಲೂ ವಾದ್ಯ ಇರುವುದಿಲ್ಲ. ನಾಲ್ಕೈದು ಹುಡುಗರು ಹಾಡುತ್ತಾರೆ, ಕುಣಿಯುತ್ತಾರೆ. ಹಾಗಾಗಿ ದನಿ ಬದಲಾದರೆ ಹಿಂದೆ ಅಡಗಿಕೊಳ್ಳಲು ಏನೂ ಇಲ್ಲ.

ಇದು ಎಲ್ಲ ಬಾಯ್ ಬ್ಯಾಂಡ್‌ಗಳಿಗೂ ಬರುವ ಕಷ್ಟ. ಇಂಗ್ಲೆಂಡಿನ ಟೇಕ್ ದಟ್ 1996ರಲ್ಲಿ ಒಡೆಯಿತು. ಹತ್ತು ವರ್ಷ ಕಳೆದು, 2006ರಲ್ಲಿ ಹೊಸ ಹಾಡು ತಂದಾಗ ಮೂವತ್ತು ದಾಟಿದ ನಾಲ್ಕು ಗಂಡಸರು ನಿಧಾನವಾಗಿ ಹಾಡಿದರು. ಅದು ಅವರ ದೇಶದಲ್ಲಿ ಮೊದಲ ಸ್ಥಾನಕ್ಕೆ ಹೋಯಿತು. ಆದರೆ ನಮ್ಮ ಹುಡುಗರು ಹತ್ತು ವರ್ಷ ಸುಮ್ಮನಿರಲು ಆಗುತ್ತದಾ? ಅವರಿಗೆ ಹತ್ತಿರದ ಉದಾಹರಣೆ ಒನ್ ಡೈರೆಕ್ಷನ್. 2010ರಲ್ಲಿ ಟೀವಿ ಸ್ಪರ್ಧೆಯೊಂದರಲ್ಲಿ ಸೇರಿಸಿದ ಐದು ಹುಡುಗರು. 2013ರ ಅಕ್ಟೋಬರಿನಲ್ಲಿ ‘ಸ್ಟೋರಿ ಆಫ್ ಮೈ ಲೈಫ್’ ಬಿಟ್ಟರು. ಮೊದಲು ಗಿಟಾರು, ಆಮೇಲೆ ಒಬ್ಬನೇ ಒಬ್ಬನ ದನಿ. ಹಾಡು ಬರೆದವರ ಪಟ್ಟಿಯಲ್ಲಿ ಆ ಐವರ ಹೆಸರೂ ಇದೆ. ಅದನ್ನು ನಮ್ಮ ಹುಡುಗರಿಗೆ ಆ ಸಂಜೆ ಮೂರು ಸಲ ಕೇಳಿಸಿದೆ. “ಇಲ್ಲಿ ಎಂತ ಇಲ್ಲ, ಅದನ್ನು ಕೇಳಿ” ಎಂದೆ. ದಕ್ಕೆಯ ಹುಡುಗ ಸ್ವಲ್ಪ ಹೊತ್ತು ಯೋಚಿಸಿ, “ಮೊದ್ಲು ಯಾರೂ ಬೊಬ್ಬೆ ಹೊಡೆಯುದಿಲ್ಲ ಮಾಸ್ಟ್ರೇ” ಎಂದ. ಸರಿಯಾಗಿ ಹೇಳಿದ.

ಆದರೂ ಮೊದಲ ಪ್ರಯತ್ನದಲ್ಲಿ ನಾನು ದಾರಿ ತಪ್ಪಿದೆ. ಬೆಳೆದ ಹಾಡು ಎಂದರೆ ದುಃಖದ ಹಾಡು ಎಂದುಕೊಂಡೆ. ಹಳೆಯ ಹಾಡು ಖುಷಿ ಅನಿಸುವ ಡಿ ಮೇಜರ್‌ನಲ್ಲಿತ್ತು, ಇದನ್ನು ಬೇಸರ ಅನಿಸುವ ಬಿ ಮೈನರ್‌ಗೆ ತಂದೆ. ಡೋಲು ತೆಗೆದು ಪಿಯಾನೊ ಇಟ್ಟೆ. ಹಿಂದೆ ವಯಲಿನ್ನಿನ ದೊಡ್ಡ ಗುಂಪು. ವೇಗ ಅರ್ಧ ಮಾಡಿದೆ. ಹುಡುಗರು ಬಂದು ಹಾಡಿದರು. ಅಡುಗೆಮನೆಯಿಂದ ನನ್ನ ಹೆಂಡತಿ ಬಂದು ಬಾಗಿಲಲ್ಲಿ ನಿಂತು ಕೇಳಿದಳು. “ಎಂತ, ಯಾರಾದ್ರೂ ತೀರಿಕೊಂಡದ್ದಾ?” ಎಂದಳು.

ಅವಳ ಮಾತು ನನ್ನನ್ನು ಎರಡು ದಿನ ಬಿಡಲಿಲ್ಲ. ಯಾಕೆ ಹಾಗೆ ಕೇಳಿಸಿತು? ಮತ್ತೆ ಮತ್ತೆ ಹಾಕಿ ಕೇಳಿದೆ. ವಾದ್ಯ ಎಲ್ಲ ಬದಲಾಗಿತ್ತು. ದನಿ ಮಾತ್ರ ಅಲ್ಲೇ ಇತ್ತು. ಹಳೆಯ ಹಾಡಿನ ಪಲ್ಲವಿ ಏರುತ್ತಿದ್ದದ್ದು ಮಧ್ಯ ಸ್ಥಾಯಿಯ ಬಿಳಿ ಆರರ (ಹಾರ್ಮೋನಿಯಮ್ಮಿನ ಆರನೇ ಬಿಳಿ ಮನೆ) ತನಕ, ಅಂದರೆ 440 ಹರ್ಟ್ಸ್, ಸೆಕೆಂಡಿಗೆ 440 ಕಂಪನ. ಹೊಸದರಲ್ಲೂ ನಾನು ಅಲ್ಲಿಗೇ ಏರಿಸಿದ್ದೆ. ಕುಣಿಯುವ ತಾಳದ ಮೇಲೆ ಆ ಎತ್ತರ ಉತ್ಸಾಹ ಅನಿಸುತ್ತದೆ. ಮೈನರ್ ಸ್ವರದ ಮೇಲೆ ಅದೇ ಎತ್ತರ ಅಳುವಿನ ಹಾಗೆ ಕೇಳಿಸುತ್ತದೆ.

ದಾರಿ ಸಿಕ್ಕಿದ್ದು ಒಂದು ಫೋನ್ ಕಾಲಿನಿಂದ. ಮೂರನೇ ದಿನ ಎಲ್ಲರೂ ಸೇರಿ ಚರ್ಚೆ ಮಾಡುತ್ತಿದ್ದೆವು. ವೀಸಾ ಕಾಯುತ್ತಿದ್ದವನಿಗೆ ಮನೆಯಿಂದ ಫೋನ್ ಬಂತು. ಅಲ್ಲೇ ಕುಳಿತು ಮಾತಾಡಿದ. “ಬರ್ಪೆ ಅಮ್ಮ, ಒಂಜಿ ಗಂಟೆಡ್ ಬರ್ಪೆ.” ಬರ್ತೇನೆ ಅಮ್ಮ, ಒಂದು ಗಂಟೆಯಲ್ಲಿ ಬರ್ತೇನೆ. ಅಷ್ಟೇ. ಆ ದನಿ ಕೇಳಿ ನಾನು ಕೀಬೋರ್ಡಿನಿಂದ ಕೈ ತೆಗೆದೆ. ಎಷ್ಟು ಕೆಳಗಿತ್ತು, ಎಷ್ಟು ಹಗುರ ಇತ್ತು! ಐದು ವರ್ಷದಿಂದ ಅವನ ದನಿಯನ್ನು ರೆಕಾರ್ಡ್ ಮಾಡುತ್ತಿದ್ದೇನೆ. ಈ ದನಿಯನ್ನು ಮಾತ್ರ ಒಮ್ಮೆಯೂ ಮೈಕಿನ ಮುಂದೆ ಕೇಳಿರಲಿಲ್ಲ.

ಅವತ್ತೇ ಎಲ್ಲರ ಮಾತಿನ ಶ್ರುತಿ ಅಳೆದೆವು. ಕಷ್ಟದ ಕೆಲಸ ಅಲ್ಲ. ಮೊಬೈಲಿನಲ್ಲಿ ಗಿಟಾರ್ ಟ್ಯೂನರ್ ಆ್ಯಪ್ ತೆರೆದು ಎದುರಿಗೆ ಇಟ್ಟೆ. “ಬೆಳಗ್ಗೆ ಎಂತ ತಿಂದೆ, ಎಲ್ಲಿಗೆ ಹೋದೆ, ಸುಮ್ನೆ ಹೇಳು” ಎಂದೆ. ಮುಳ್ಳು ಯಾವ ಸ್ವರದ ಸುತ್ತ ಜಾಸ್ತಿ ನಿಲ್ಲುತ್ತದೆ ನೋಡಿ ಬರೆದುಕೊಂಡೆ. ಮೂವರದ್ದು ಮಧ್ಯ ಸ್ಥಾಯಿಗಿಂತ ಎರಡು ಸ್ಥಾಯಿ ಕೆಳಗಿನ ಬಿಳಿ ಆರರ ಸುತ್ತ, ಸುಮಾರು 110 ಹರ್ಟ್ಸ್. ಸಿಎ ಓದುವವನದ್ದು 130ರ ಹತ್ತಿರ. ದಕ್ಕೆಯ ಹುಡುಗನದ್ದು ಎಲ್ಲರಿಗಿಂತ ಕೆಳಗೆ, 98. ಹದಿನೇಳರಲ್ಲಿ ಇವರ ದನಿ ಒಡೆದು ಮುಗಿದಿತ್ತು, ಆದರೆ ಗಟ್ಟಿಯಾಗಿ ನಿಂತಿರಲಿಲ್ಲ. ದನಿಯ ತಂತುಗಳು ಉದ್ದವಾಗಿ ದಪ್ಪವಾದ ಮೇಲೂ ಅವು ಹದಕ್ಕೆ ಬರಲು ಕೆಲವು ವರ್ಷ ಬೇಕು. ಆ ವರ್ಷಗಳು ಕಳೆದಿದ್ದವು. ನಾವು ಗಮನಿಸಿರಲಿಲ್ಲ.

ಹಾಗಾಗಿ ಹಾಡನ್ನು ಎ ಮೇಜರ್‌ಗೆ ಇಟ್ಟೆವು. ಹೌದು, ಮೇಜರ್. ಮೈನರ್ ಬಿಟ್ಟೇಬಿಟ್ಟೆವು. ಚರಣ ಶುರುವಾಗುವುದು ಅವರು ಮಾತಾಡುವ ಸ್ವರದಲ್ಲೇ. ಪಲ್ಲವಿ ಅಲ್ಲಿಂದ ಒಂದು ಸ್ಥಾಯಿ ಮೇಲೆ ಹೋಗಿ ಸ್ವಲ್ಪ ಮುಂದೆ ನಿಲ್ಲುತ್ತದೆ. ಅತಿ ಎತ್ತರದ ಸ್ವರ 330 ಹರ್ಟ್ಸ್, ಅದೂ ಇಡೀ ಹಾಡಿನಲ್ಲಿ ಒಂದೇ ಒಂದು ಸಲ, ಕೊನೆಯ ಪಲ್ಲವಿಯಲ್ಲಿ. ವೇಗ 74.

ಮೊದಲ ದಿನ ಹುಡುಗರಿಗೆ ಹೆದರಿಕೆ ಆಯಿತು. ಬೆಂಗಳೂರಿಗೆ ಓಡಾಡುವವನು, “ಇಷ್ಟು ಮೆಲ್ಲ ಹಾಡಿದ್ರೆ ಯಾರು ಕೇಳ್ತಾರೆ ಮಾರಾಯ್ರೆ?” ಎಂದ. ನಾನು ಹೆಡ್‌ಫೋನು ಕೊಟ್ಟು ಅವನದೇ ದನಿ ಕೇಳಿಸಿದೆ. ಪೂರ್ತಿ ಕೇಳಿದ. ಆಮೇಲೆ ಆ ಪ್ರಶ್ನೆ ಬರಲಿಲ್ಲ.

ಇನ್ನು ಮಾತುಗಳ ಕೆಲಸ. ಇದರಲ್ಲಿ ನಮಗೆ ಹೋದದ್ದು ಒಂದು ತಿಂಗಳು. ಇದರ ಬಗ್ಗೆ ಸ್ವಲ್ಪ ಜಾಸ್ತಿ ಬರೆಯುತ್ತೇನೆ, ಯಾಕೆಂದರೆ ಕನ್ನಡದಲ್ಲಿ ಪಾಪ್ ಹಾಡು ಮಾಡುವವರಿಗೆಲ್ಲ ಈ ತೊಂದರೆ ಬರುತ್ತದೆ.

ವಿಷಯ ಹುಡುಗರೇ ಹೇಳಿದರು. ನಮ್ಮಲ್ಲಿ ಪ್ರತಿ ರಾತ್ರಿ ಊಟದ ಹೊತ್ತಿಗೆ ಬೆಂಗಳೂರು ಬಸ್ಸುಗಳು ಹೊರಡುತ್ತವೆ. ಬಸ್ಸಿನ ಕೆಳಗೆ ಅಪ್ಪ ಅಮ್ಮ, ತಂಗಿ, ಗೆಳೆಯರು ನಿಂತಿರುತ್ತಾರೆ. ಕೈಯಲ್ಲಿ ಮೀನಿನ ಚಟ್ನಿಯ ಕಟ್ಟು, ಹಲಸಿನ ಹಪ್ಪಳ. ಈ ಐದು ಹುಡುಗರು ಅಲ್ಲಿ ಎಷ್ಟೋ ಸಲ ನಿಂತು ಬೀಳ್ಕೊಟ್ಟಿದ್ದಾರೆ. ಒಬ್ಬೊಬ್ಬರಾಗಿ ಗೆಳೆಯರೆಲ್ಲ ಹೋದರು. ಆ ನಿಲ್ಲುವಿಕೆಯ ಹಾಡು ಮಾಡುವ ಎಂದು ತೀರ್ಮಾನವಾಯಿತು. ಹುಡುಗಿಯ ಬಗ್ಗೆ ಅಲ್ಲ, ಹೋದ ಗೆಳೆಯನ ಬಗ್ಗೆ.

ಮೊದಲು ಬರೆದ ಸಾಲು ಹೀಗಿತ್ತು: “ರಾತ್ರಿ ಬಸ್ಸು ಹತ್ತಿ ನೀನು ಹೊರಟು ಹೋದ ದಿನವು.” ಓದಲು ಚೆನ್ನಾಗಿದೆ. ಹಾಡಿದರೆ ಕೊನೆಯ ‘ವು’ ಮೇಲೆ ದನಿ ಸಾಯುತ್ತದೆ. ಕನ್ನಡದ ಎಷ್ಟೋ ಮಾತುಗಳು ಉಕಾರದಲ್ಲಿ ಮುಗಿಯುತ್ತವೆ. ಉ ಹೇಳುವಾಗ ತುಟಿ ಮುಚ್ಚಿ ಬರುತ್ತದೆ, ಬಾಯಿಯ ಒಳಗೆ ಜಾಗ ಕಡಿಮೆ. ಜೋರಾಗಿ ಹಾಡುವಾಗ ಹೇಗೋ ನಡೆಯುತ್ತದೆ. ಮೆಲ್ಲ ಹಾಡುವಾಗ, ನಿಧಾನ ತಾಳದಲ್ಲಿ ಆ ಸ್ವರವನ್ನು ಎಳೆಯುವಾಗ, ಕಿವಿಗೆ ಹಗ್ಗ ಕಡಿದ ಹಾಗೆ ಆಗುತ್ತದೆ. ನಮ್ಮ ಕರಾವಳಿಯಲ್ಲಿ ಇನ್ನೊಂದು ವಿಷಯ. ತುಳುವಿನಲ್ಲಿ ಮಾತಿನ ಕೊನೆಗೆ ಬರುವ ಉ ಪೂರ್ತಿ ಉ ಅಲ್ಲ. ತುಟಿ ದುಂಡಗೆ ಆಗದೆ ಅರ್ಧಕ್ಕೆ ನಿಲ್ಲುವ ಸ್ವರ ಅದು. ಮನೆಯಲ್ಲಿ ತುಳು ಆಡುವ ಇಬ್ಬರೂ ಕನ್ನಡದ ಉ ಅನ್ನು ಹಾಗೇ ಹೇಳುತ್ತಿದ್ದರು. ಉಳಿದವರಲ್ಲಿ ಒಬ್ಬನ ಮನೆಯಲ್ಲಿ ಕೊಂಕಣಿ, ಒಬ್ಬನ ಮನೆಯಲ್ಲಿ ಬ್ಯಾರಿ, ಒಬ್ಬನಲ್ಲಿ ಕನ್ನಡ. ಐವರು ಒಟ್ಟಿಗೆ ‘ದಿನವು’ ಎಂದರೆ ಕೊನೆಯ ಸ್ವರ ಒಂದಕ್ಕೊಂದು ಕೂಡುತ್ತಲೇ ಇರಲಿಲ್ಲ.

ಮೊದಲ ಹಾಡಿನಲ್ಲಿ ನಾನು ಅವರ ಉಚ್ಚಾರವನ್ನೆಲ್ಲ ತಿದ್ದಿ ಸಿನಿಮಾ ಹಾಡಿನ ಕನ್ನಡ ಮಾಡಿಸಿದ್ದೆ. ಈ ಸಲ ಉಚ್ಚಾರ ಮುಟ್ಟಲಿಲ್ಲ, ಸಾಲು ಬದಲಿಸಿದೆವು. ಎಳೆಯಬೇಕಾದ ಕಡೆ ಎಲ್ಲ ಬಾಯಿ ತೆರೆಯುವ ಸ್ವರ ಬರಬೇಕು ಎಂದು ಗೋಡೆಗೆ ಚೀಟಿ ಅಂಟಿಸಿದೆ. “ರಾತ್ರಿ ಬಸ್ಸು ಹತ್ತಿ ಹೋದೆಯಲ್ಲ, ಪರದೆ ಸರಿಸಿ ನೋಡಲಿಲ್ಲ.” ಹಾಡಿ ನೋಡಿ, ವ್ಯತ್ಯಾಸ ಗೊತ್ತಾಗುತ್ತದೆ. ಪಲ್ಲವಿ ಬಂದದ್ದು ಬ್ಯಾಂಕಿನ ಹುಡುಗನಿಂದ. ಅವನ ಅಮ್ಮ ಅಣ್ಣನಿಗೆ ಬೆಳಗ್ಗೆ ಫೋನ್ ಮಾಡಿ ಯಾವಾಗಲೂ ಕೇಳುವ ಪ್ರಶ್ನೆಯಂತೆ.

“ಶಿರಾಡಿ ದಾಟೋ ಹೊತ್ತಿಗೆ ನಿದ್ದೆ ಬಂತಾ?
ನಮ್ಮೂರ ಮಳೆ ಅಲ್ಲಿಗೂ ಬಂತಾ?”

ಪ್ರಶ್ನೆ ಕೇಳುವ ಆ ‘ಆ’ ಇದೆಯಲ್ಲ, ಅದಕ್ಕಿಂತ ಹಾಡಲು ಒಳ್ಳೆಯ ಸ್ವರ ಕನ್ನಡದಲ್ಲಿ ಇಲ್ಲ ಎಂದು ನನಗೆ ಅನಿಸಿದೆ. ಎಷ್ಟು ಬೇಕಾದರೂ ಎಳೆಯಬಹುದು. ಉತ್ತರ ಬಾರದ ಪ್ರಶ್ನೆ ಎಂಬ ಭಾವವೂ ತಾನಾಗಿ ಬರುತ್ತದೆ.

ಇನ್ನೊಂದು ಸಾಲಿನ ಬಗ್ಗೆ ಜಗಳವೇ ಆಯಿತು. “ಎಲ್ಲ ಉಂಟು ಇಲ್ಲಿ, ನೀನೊಬ್ಬ ಇಲ್ಲ.” ಉಂಟು ಬೇಡ, ಇದೆ ಅನ್ನುವ, ಬೆಂಗಳೂರಿನವರು ನಗುತ್ತಾರೆ ಎಂದು ಒಬ್ಬ ಹಟ ಹಿಡಿದ. ನಾನು ಒಪ್ಪಲಿಲ್ಲ. ಗೆಳೆಯನನ್ನು ನೆನೆದು ಹಾಡುವವನು ತನ್ನ ಮನೆಯ ಮಾತು ಬಿಟ್ಟು ಬೇರೆ ಮಾತಲ್ಲಿ ಯಾಕೆ ನೆನೆಯಬೇಕು? ಉಂಟು ಉಳಿಯಿತು.

ರೆಕಾರ್ಡಿಂಗಿಗೆ ದೊಡ್ಡ ಶತ್ರು ಮಳೆ. ನನ್ನದು ಹೆಂಚಿನ ಮನೆ. ಗೋಡೆಗೆ ಹತ್ತಿಯ ಹಾಸಿಗೆ ಒರಗಿಸಿ, ನೆಲಕ್ಕೆ ನಾರಿನ ಚಾಪೆ ಹಾಸಿ, ಬಾಗಿಲಿಗೆ ಎರಡು ಕಂಬಳಿ ಕಟ್ಟಿದರೆ ಕೋಣೆಯ ಪ್ರತಿಧ್ವನಿ ಹೋಗುತ್ತದೆ. ಮೇಲಿಂದ ಬರುವ ಮಳೆಯ ಸದ್ದು ಹೋಗುವುದಿಲ್ಲ. ಹಳೆಯ ಹಾಡಿನಲ್ಲಿ ಡೋಲಿನ ಸದ್ದಿನಲ್ಲಿ ಅದೆಲ್ಲ ಮುಚ್ಚಿಹೋಗಿತ್ತು. ಇದರಲ್ಲಿ ಒಬ್ಬನ ಉಸಿರೂ ಕೇಳಬೇಕು. ಹಾಗಾಗಿ ಕಾದೆವು. ರಾತ್ರಿ 11ರಿಂದ 2ರ ತನಕ, ಮಳೆ ಬಿಡುವು ಕೊಟ್ಟಾಗ ಒಂದೊಂದು ಸಾಲು. ಎರಡು ರಾತ್ರಿ ಒಂದು ಸಾಲೂ ಆಗಲಿಲ್ಲ. ಗಂಜಿ ಉಪ್ಪಿನಕಾಯಿ ಉಂಡು ಮನೆಗೆ ಹೋದರು. ಯಾರೂ ಬೇಸರ ಮಾಡಲಿಲ್ಲ. ಅದನ್ನು ನಾನು ಮರೆಯುವುದಿಲ್ಲ.

“ಆ ಮಳೆಯ ಸದ್ದನ್ನೇ ಹಾಡಿಗೆ ಹಾಕುವ” ಎಂದು ಒಬ್ಬ ಹೇಳಿದ. ಒಂದು ಸಲ ಹಾಕಿ ನೋಡಿದೆ ಕೂಡ. ತೆಗೆದೆ. ಸಾಲಿನಲ್ಲೇ ಮಳೆ ಇದೆ. ಅದರ ಮೇಲೆ ಸದ್ದು ಹಾಕಿದರೆ ಕೇಳುವವರಿಗೆ ತಾವಾಗಿ ನೆನೆಯಲು ಏನೂ ಉಳಿಯುವುದಿಲ್ಲ.

ಮೈಕಿನ ವಿಷಯ. ಹಳೆಯ ಹಾಡಿನಲ್ಲಿ ಮೈಕಿನಿಂದ ಒಂದು ಗೇಣು ದೂರ ನಿಲ್ಲಿಸುತ್ತಿದ್ದೆ. ಈಗ ನಾಲ್ಕು ಬೆರಳಿನಷ್ಟು ಹತ್ತಿರ. ಎದುರಿನ ದನಿಯನ್ನೇ ಹೆಚ್ಚು ಹಿಡಿಯುವ ಕಾರ್ಡಿಯಾಯ್ಡ್ ಮೈಕಿಗೆ ಬಾಯಿ ಹತ್ತಿರ ಬಂದಷ್ಟೂ ದನಿಯ ಕೆಳಭಾಗ ತುಂಬಿಕೊಳ್ಳುತ್ತದೆ. ಮೆಲ್ಲ ಹಾಡಿದರೂ ದನಿ ತೆಳು ಅನಿಸುವುದಿಲ್ಲ. ಆದರೆ ಇದಕ್ಕೆ ಬೆಲೆ ಕೊಡಬೇಕು. ‘ಬಂತಾ’ದ ಬ, ‘ಪರದೆ’ಯ ಪ ಮೈಕಿಗೆ ಗುದ್ದುತ್ತವೆ. ಬಾಯಿಯ ಗಾಳಿ ತಡೆಯುವ ಪಾಪ್ ಫಿಲ್ಟರ್ ಒಂದೇ ಸಾಕಾಗಲಿಲ್ಲ. ಮೈಕನ್ನು ಬಾಯಿಯ ನೇರಕ್ಕೆ ಇಡದೆ ಕೆನ್ನೆಯ ಕಡೆಗೆ ಸ್ವಲ್ಪ ಓರೆ ಮಾಡಿದ ಮೇಲೆ ಸರಿಹೋಯಿತು. ಕೆಳದನಿಗೆ ಇನ್ನೊಂದು ಕಷ್ಟ, ಮೊಬೈಲಿನ ಸಣ್ಣ ಸ್ಪೀಕರಿನಲ್ಲಿ 110 ಹರ್ಟ್ಸ್ ಬರುವುದೇ ಇಲ್ಲ. 250ರ ಸುತ್ತ ಸ್ವಲ್ಪ ಇಳಿಸಿ, 2,500ರ ಸುತ್ತ ಒಂದಿಷ್ಟು ಏರಿಸಿದೆ. ಆಮೇಲೆ ಮಾತು ಸ್ಪಷ್ಟವಾಯಿತು.

ಹಿಂದೆ ಪಲ್ಲವಿಗೆ ಒಬ್ಬೊಬ್ಬನಿಂದ ನಾಲ್ಕು ಸಲ ಹಾಡಿಸಿ 20 ಟ್ರ್ಯಾಕ್ ಒಟ್ಟು ಮಾಡುತ್ತಿದ್ದೆ. ಯಾರ ದನಿ ಯಾವುದು ಎಂದು ಅವರ ಮನೆಯವರಿಗೂ ಗೊತ್ತಾಗುತ್ತಿರಲಿಲ್ಲ. ಈ ಸಲ ಚರಣದಲ್ಲಿ ಒಬ್ಬ, ಒಂದೇ ಟ್ರ್ಯಾಕ್. ಸ್ವರ ತಿದ್ದುವ ಸಾಫ್ಟ್‌ವೇರನ್ನು ಮೂರು ಕಡೆ ಮಾತ್ರ ಮುಟ್ಟಿದೆ. ಐವರೂ ಒಟ್ಟಿಗೆ ಬರುವುದು ಕೊನೆಯ ಪಲ್ಲವಿಯಲ್ಲಿ, ಮೂರು ಭಾಗದ ಹಾರ್ಮನಿಯಾಗಿ. ಅದು ಕೊಯರ್ ಕಲಿಸಿದ ಪಾಠ. ಮೇಲಿನ ದನಿ ಚಲಿಸುವಾಗ ಕೆಳಗಿನದ್ದು ನಿಂತಿರಬೇಕು. ದಕ್ಕೆಯ ಹುಡುಗ ಆ 12 ಸೆಕೆಂಡು ಒಂದೇ ಸ್ವರ ಹಿಡಿದು ನಿಲ್ಲುತ್ತಾನೆ. ಇಡೀ ಹಾಡು ಅವನ ಮೇಲೆ ಕುಳಿತಿದೆ.

ವಾದ್ಯ ಜಾಸ್ತಿ ಇಲ್ಲ. ನೈಲಾನ್ ತಂತಿಯ ಗಿಟಾರು, ಬೇಸ್, ಎಲೆಕ್ಟ್ರಿಕ್ ಪಿಯಾನೊದ ಸದ್ದು. ಡ್ರಮ್ಸ್ ಎರಡನೇ ಪಲ್ಲವಿಗೆ ಬರುತ್ತದೆ. ಚೆಂಡೆ ಹಾಕುವ ಎಂದು ಹುಡುಗರಿಗೆ ಆಸೆ ಇತ್ತು. ನನಗೆ ಚೆಂಡೆ ಎಂದರೆ ಪ್ರಾಣ. ಆದರೆ ಚೆಂಡೆ ಬಯಲಿನಲ್ಲಿ ಊರಿಗೆಲ್ಲ ಕೇಳಬೇಕಾದ ವಾದ್ಯ. ಕಿವಿಯ ಹತ್ತಿರ ಬಂದು ಮಾತಾಡುವ ಹಾಡಿಗೆ ಅದನ್ನು ತಂದು ಸದ್ದು ಇಳಿಸಿ ಮೂಲೆಯಲ್ಲಿ ಕೂರಿಸುವುದು ಚೆಂಡೆಗೇ ಅನ್ಯಾಯ ಅಲ್ವಾ?

ಹಾಡಿನ ಸದ್ದನ್ನು ಕೊನೆಗೆ ಹದ ಮಾಡುವ ಮಾಸ್ಟರಿಂಗಿಗೆ ಹೊರಗಿನ ಒಂದು ಸ್ಟುಡಿಯೋಗೆ ಕಳಿಸಿದೆವು. ವಾಪಸ್ ಬಂದದ್ದು ನೋಡಿ ಹುಡುಗರ ಮುಖ ಬಾಡಿತು. ಎಲ್ಲವನ್ನೂ ಒತ್ತಿ ಒತ್ತಿ ಮೈನಸ್ 7 ಲಫ್ಸ್ (ಹಾಡಿನ ಜೋರು ಅಳೆಯುವ ಲೆಕ್ಕ, ಸೊನ್ನೆಗೆ ಹತ್ತಿರ ಬಂದಷ್ಟೂ ಜೋರು) ಮಾಡಿದ್ದರು. ಒಬ್ಬನೇ ಹಾಡುವ ಚರಣವೂ ಐವರು ಹಾಡುವ ಪಲ್ಲವಿಯೂ ಒಂದೇ ಗಾತ್ರ. ಸ್ಪಾಟಿಫೈಯಂಥ ಕಡೆ ಹಾಡು ಕೇಳಿಸುವುದು ಸುಮಾರು ಮೈನಸ್ 14ಕ್ಕೆ ಇಳಿಸಿ. ಅಂದಮೇಲೆ ಅಷ್ಟು ಒತ್ತಿದರೂ ಜೋರಾಗಿ ಕೇಳುವುದಿಲ್ಲ, ಏರಿಳಿತ ಮಾತ್ರ ಸಾಯುತ್ತದೆ. ಅದನ್ನು ಬಿಟ್ಟು ನಾನೇ ಮೈನಸ್ 12ರ ಹತ್ತಿರ ಮುಗಿಸಿದೆ.

ಸ್ಟೇಜಿನ ಅಭ್ಯಾಸದಲ್ಲಿ ವಿಚಿತ್ರ ತೊಂದರೆ ಬಂತು. ಕುಣಿತ ಇಲ್ಲದೆ ಸುಮ್ಮನೆ ನಿಂತು ಹಾಡಬೇಕಲ್ಲ, ಕೈ ಎಲ್ಲಿಡಬೇಕು ಎಂದು ಯಾರಿಗೂ ತಿಳಿಯಲಿಲ್ಲ. ಮೈಕ್ ಸ್ಟ್ಯಾಂಡ್ ಹಿಡಿದುಕೊಳ್ಳಿ ಎಂದೆ. ಒಂದು ವಾರದಲ್ಲಿ ಅಭ್ಯಾಸವಾಯಿತು.

ಒಂದು ವಿಷಯ ಬಿಟ್ಟುಹೋಯಿತು. ಎರಡನೇ ಚರಣ ವೀಸಾ ಕಾಯುತ್ತಿದ್ದ ಹುಡುಗನದ್ದು. ಅದನ್ನು ರೆಕಾರ್ಡ್ ಮಾಡುವ ಮೊದಲೇ ಅವನಿಗೆ ವೀಸಾ ಬಂತು. ನಾಲ್ಕು ದಿನದಲ್ಲಿ ಹೊರಡಬೇಕು. ಆ ನಾಲ್ಕೂ ರಾತ್ರಿ ಮಳೆ. ಬಜ್ಪೆ ವಿಮಾನ ನಿಲ್ದಾಣಕ್ಕೆ ನಾವೆಲ್ಲ ಹೋಗಿ ಕಳಿಸಿ ಬಂದೆವು. ವಾಪಸ್ ಬರುವಾಗ ಕಾರಿನಲ್ಲಿ ಆ ಚರಣವನ್ನು ಬೇರೆ ಯಾರಾದರೂ ಹಾಡುವ ಮಾತೇ ಬರಲಿಲ್ಲ.

ದುಬೈಯಲ್ಲಿ ಅವನಿಗೆ ಸಿಕ್ಕಿದ್ದು ಬೆಡ್ ಸ್ಪೇಸ್. ಒಂದು ಕೋಣೆಯಲ್ಲಿ ಆರು ಜನ. ನಾನು ಫೋನಿನಲ್ಲಿ ಹೇಳಿಕೊಟ್ಟೆ. ಬಟ್ಟೆ ನೇತುಹಾಕಿದ ಕಪಾಟಿನ ಬಾಗಿಲು ತೆರೆದು ಅದರೊಳಗೆ ತಲೆ ಹಾಕು. ಮೇಲಿಂದ ಕಂಬಳಿ ಹೊದ್ದುಕೋ. ಮೊಬೈಲನ್ನು ಕೆನ್ನೆಯ ಬದಿಗೆ ಹಿಡಿ. ಗಿಟಾರಿನ ಟ್ರ್ಯಾಕ್ ಒಂದು ಕಿವಿಯಲ್ಲಿ ಇಯರ್‌ಫೋನಿನಿಂದ ಕೇಳು. ವಾಟ್ಸಾಪ್ ವಾಯ್ಸ್ ಮೆಸೇಜ್ ಮಾಡಬೇಡ, ಅದು ದನಿಯನ್ನು ಹಿಂಡಿಬಿಡುತ್ತದೆ. ರೆಕಾರ್ಡರಿನಲ್ಲಿ ವೇವ್ ಫೈಲ್ ಮಾಡಿ ಡಾಕ್ಯುಮೆಂಟ್ ಆಗಿ ಕಳಿಸು.

ಅಲ್ಲಿ ರಾತ್ರಿ ಹನ್ನೊಂದೂವರೆ, ಇಲ್ಲಿ ಒಂದು. ಎಂಟು ಟೇಕ್ ಬಂದವು. ಮೊದಲ ಐದು ಸರಿ ಇದ್ದವು, ಆದರೆ ಹಾಡುತ್ತಿದ್ದಾನೆ ಅನಿಸುತ್ತಿತ್ತು. ಆರನೆಯದಕ್ಕೆ ಮೊದಲು ಅವನ ಮೆಸೇಜು: “ಮಾಸ್ಟ್ರೇ, ಪಕ್ಕದವ್ರು ಡ್ಯೂಟಿ ಮುಗಿಸಿ ಬಂದು ಮಲಗಿದ್ರು. ಇನ್ನು ಮೆಲ್ಲ ಹಾಡ್ತೇನೆ.” ಆ ಆರನೇ ಟೇಕಿನಲ್ಲಿ, ಅವತ್ತು ಅಮ್ಮನ ಜೊತೆ ಫೋನಿನಲ್ಲಿ ಮಾತಾಡಿದ ಅದೇ ದನಿ. “ನಮ್ಮೂರ ಮಳೆ ಅಲ್ಲಿಗೂ ಬಂತಾ” ಎಂದು, ಮಳೆ ಇಲ್ಲದ ಊರಿನಿಂದ. ಹಿಂದೆ ಏಸಿಯ ಗುಂಯ್ ಸದ್ದು. 80 ಹರ್ಟ್ಸಿನ ಕೆಳಗೆ ಎಲ್ಲ ಕತ್ತರಿಸಿದೆ, ಸ್ವಲ್ಪ ಉಳಿಯಿತು. ಉಳಿಯಲಿ ಎಂದು ಬಿಟ್ಟೆ.

ಹಾಡು ಮುಗಿದ ದಿನ ಅವನ ಅಮ್ಮನನ್ನು ಮನೆಗೆ ಕರೆದೆವು. ನಾಲ್ವರು ಹುಡುಗರು ಗೋಡೆಗೆ ಒರಗಿ ನಿಂತಿದ್ದರು. ಅಮ್ಮ ಕುರ್ಚಿಯ ತುದಿಯಲ್ಲಿ ಕುಳಿತು, ಮಡಿಲಲ್ಲಿ ಕೈ ಇಟ್ಟುಕೊಂಡು ಪೂರ್ತಿ ಕೇಳಿದರು. ಮುಗಿದ ಮೇಲೆ ಸ್ವಲ್ಪ ಹೊತ್ತು ಏನೂ ಹೇಳಲಿಲ್ಲ.

“ಚಂದ ಉಂಟು” ಎಂದರು. ಆಮೇಲೆ, “ಅವನದ್ದು ಮಾತ್ರ ಇನ್ನೊಮ್ಮೆ ಹಾಕ್ತೀರಾ?”

ನಾನು ಗಿಟಾರು, ಬೇಸ್, ಪಿಯಾನೊ ಎಲ್ಲ ಮುಚ್ಚಿ, ಅವನ ಟ್ರ್ಯಾಕ್ ಒಂದನ್ನೇ ಹಾಕಿದೆ.